ಬಿ.ಪಿ.ಗೆ ಉಪ್ಪಿನ ಲೆಕ್ಕ

ಮೂಡಿಗೆರೆ, ಕಳಸದ ಕಡೆ ಯಾರಿಗಾದರೂ ಬಿ.ಪಿ. ಏರಿತೆಂದರೆ ಮೊದಲು ಬೈಗುಳ ತಿನ್ನುವುದು ಕಾಫಿ. ಕೆಫೀನ್ ರಕ್ತದೊತ್ತಡವನ್ನು ಕೆಲಹೊತ್ತು ಏರಿಸುವುದು ನಿಜ. ದಿನಾ ಕುಡಿಯುವವರಲ್ಲಿ ಆ ಪರಿಣಾಮ ಕಡಿಮೆ. ನೋಡಬೇಕಾದದ್ದು ಭರಣಿಗಳ ಕಡೆಗೆ. ಮಳೆಗಾಲಕ್ಕೆಂದು ಕೂಡಿಟ್ಟ ಮಾವಿನ ಮಿಡಿ, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ಬಾಳಕದ ಮೆಣಸು, ಜೊತೆಗೆ ಹಪ್ಪಳ... ಎಲ್ಲದರಲ್ಲೂ ಉಪ್ಪೇ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಒಂದು ಟೀ ಚಮಚಕ್ಕೂ ಕಮ್ಮಿ! ಉಪ್ಪಿನಲ್ಲಿರುವ ಸೋಡಿಯಂ ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ರಕ್ತದ ಪ್ರಮಾಣ ಹೆಚ್ಚಿ ನಾಳಗಳ ಮೇಲೆ ಒತ್ತಡ ಬೀಳುತ್ತದೆ. 140/90 ದಾಟಿದರೂ ಎಷ್ಟೋ ಮಂದಿಗೆ ಏನೂ ಅನಿಸುವುದಿಲ್ಲ. ಕೆಲವರಿಗೆ ಗೊತ್ತಾಗುವುದು ಪಾರ್ಶ್ವವಾಯು ಹೊಡೆದ ಮೇಲೆಯೇ.

ಅಪ್ಪನಿಗೊಂದು ಸಪ್ಪೆ ಅಡುಗೆ, ಉಳಿದವರಿಗೆ ಬೇರೆ ಎಂಬ ಏರ್ಪಾಡು ಹೆಚ್ಚು ದಿನ ನಡೆಯದು. ಇಡೀ ಮನೆಯ ಸಾರಿಗೇ ಉಪ್ಪು ಸ್ವಲ್ಪಸ್ವಲ್ಪವಾಗಿ ಇಳಿಯಲಿ. ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ತೋಟದ ಕಾಳುಮೆಣಸು, ನಿಂಬೆಹುಳಿ ರುಚಿಗೆ ನೆರವಾಗುತ್ತವೆ. ಗಂಜಿಗೆ ಅರ್ಧ ಮಿಡಿ ಸಾಕು, ಮಜ್ಜಿಗೆಗೆ ಉಪ್ಪೇ ಬೇಡ. ವಿದ್ಯಾರ್ಥಿಗಳೇ, ಓದಿನ ನಡುವೆ ಖಾಲಿಯಾಗುವ ಚಿಪ್ಸ್ ಪೊಟ್ಟಣವೂ ಈ ಲೆಕ್ಕಕ್ಕೆ ಸೇರುತ್ತದೆ. ಸಂಜೆ ಅಪ್ಪ-ಅಮ್ಮನನ್ನು ಅರ್ಧ ಗಂಟೆ ಬಿರುಸು ನಡಿಗೆಗೆ ಹೊರಡಿಸಿ. ಅವರ ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸುವಂತಿಲ್ಲ.