ಕೊಡುವವರು ಏನನ್ನು ಕೇಳಬೇಕು? ಶ್ರೀಲತಾ ಬಾಟ್ಲಿವಾಲಾ ಅವರ ಕೆಲಸ

ನಮ್ಮ ಸಂಘದ ಧನಸಹಾಯ ಸಮಿತಿಯಲ್ಲಿ ಕೆಲವು ವರ್ಷ ಇದ್ದವನು ನಾನು. ಊರ ಕಡೆಯ ಯಾವುದಾದರೂ ಮಹಿಳಾ ಸಂಸ್ಥೆಯಿಂದ ಅರ್ಜಿ ಬಂದರೆ ನಮ್ಮ ಪ್ರಶ್ನೆಗಳು ಸಿದ್ಧವಾಗಿರುತ್ತಿದ್ದವು. ಫಲಾನುಭವಿಗಳು ಎಷ್ಟು ಮಂದಿ? ಹೊಲಿಗೆ ಯಂತ್ರ ಎಷ್ಟು? ವರ್ಷದ ಕೊನೆಗೆ ಫೋಟೋ ಕಳಿಸುತ್ತೀರಾ? ಸಂಬಳಕ್ಕೆ, ಬಾಡಿಗೆಗೆ ಎಂದು ಬರೆದವರಿಗೆ ಸಾಮಾನ್ಯವಾಗಿ ಇಲ್ಲ ಎನ್ನುತ್ತಿದ್ದೆವು. ಶ್ರೀಲತಾ ಬಾಟ್ಲಿವಾಲಾ ಅವರನ್ನು ಓದಿದ ಮೇಲೆ ಆ ಪ್ರಶ್ನೆಗಳ ಬಗ್ಗೆ ನನಗೆ ಮುಜುಗರವಾಗುತ್ತಿದೆ.

ವೈದ್ಯನಾದ ನನಗೆ ಅವರ ಪರಿಚಯವಾದದ್ದು ಪೌಷ್ಟಿಕತೆಯ ವಿಷಯದಿಂದ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಕೆ. ಎನ್. ರೆಡ್ಡಿ ಅವರ ‘ಆಸ್ತ್ರ’ ತಂಡ ತುಮಕೂರು ಜಿಲ್ಲೆಯ ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಯಾರು ಎಷ್ಟು ಹೊತ್ತು ಏನು ಕೆಲಸ ಮಾಡುತ್ತಾರೆಂದು ಲೆಕ್ಕ ಹಾಕಿತ್ತು. ಆಗ ಮುಂಬಯಿಯಲ್ಲಿ ಸಮುದಾಯ ಆರೋಗ್ಯದ ಸಂಶೋಧನೆಯಲ್ಲಿದ್ದ ಶ್ರೀಲತಾ ಆ ಅಂಕಿಗಳನ್ನು ಬಳಸಿ 1982ರಲ್ಲಿ ಒಂದು ಲೇಖನ ಬರೆದರು. ಹಳ್ಳಿಯ ಒಟ್ಟು ದುಡಿಮೆಯ ಗಂಟೆಗಳಲ್ಲಿ ಹೆಂಗಸರದು ಶೇ. 53, ಗಂಡಸರದು ಶೇ. 31, ಮಕ್ಕಳದು ಶೇ. 16. ಸೌದೆ, ನೀರು, ಅಡುಗೆ, ಹೊಲ ಎಲ್ಲ ಸೇರಿದರೆ ಹೆಂಗಸು ಖರ್ಚು ಮಾಡುವ ಕ್ಯಾಲೊರಿ ಗಂಡಸಿಗಿಂತ ಕಡಿಮೆಯಲ್ಲ. ಅವಳ ತಟ್ಟೆಗೆ ಬೀಳುವುದು ಮಾತ್ರ ಕಡಿಮೆ. ಊಟ ಹೆಚ್ಚಿಸುವ ಮಾತನ್ನೇ ಆಡುತ್ತಿದ್ದವರಿಗೆ ಅವರು ಹೇಳಿದ್ದು ಬೇರೆ: ಸೌದೆ ನೀರಿನ ಹೊರೆ ಇಳಿಸಿದರೂ ದೇಹ ಉಳಿಯುತ್ತದೆ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಬರೆದುಕೊಡುತ್ತಿದ್ದ ನನಗೆ, ಆಕೆ ದಿನಕ್ಕೆ ಎಷ್ಟು ಕೊಡ ನೀರು ಹೊರುತ್ತಾಳೆಂದು ಕೇಳಬೇಕೆಂದು ಎಂದೂ ಹೊಳೆದಿರಲಿಲ್ಲ.

1984ರಲ್ಲಿ ಮುಂಬಯಿಯ ಪಾದಚಾರಿ ಮಾರ್ಗಗಳಲ್ಲಿ ಸಂಸಾರ ಹೂಡಿದ್ದ ಹೆಂಗಸರ ನಡುವೆ ಕೆಲಸ ಮಾಡಲು ಹುಟ್ಟಿದ ‘ಸ್ಪಾರ್ಕ್’ ಸಂಸ್ಥೆಯ ಸ್ಥಾಪಕರಲ್ಲಿ ಅವರೂ ಒಬ್ಬರು. ನಂತರ ಕರ್ನಾಟಕಕ್ಕೆ ಬಂದರು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಹುಟ್ಟಿ, ನೆದರ್ಲೆಂಡ್ಸ್ ಸರ್ಕಾರದ ಹಣದಿಂದ 1989ರಲ್ಲಿ ಆರಂಭವಾದ ‘ಮಹಿಳಾ ಸಮಖ್ಯಾ’ ಕಾರ್ಯಕ್ರಮಕ್ಕೆ ರಾಜ್ಯದ ಮೊದಲ ನಿರ್ದೇಶಕಿ ಅವರೇ. ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಕೆಲಸ ಶುರುವಾಯಿತು. ಸರ್ಕಾರಿ ಕಾರ್ಯಕ್ರಮವಾದರೂ ಮೇಲಿನಿಂದ ಗುರಿ ನಿಗದಿಯಾಗಿರಲಿಲ್ಲ ಎಂಬುದು ಅದರ ವಿಶೇಷ. ಮೊದಲು ಏನು ಬೇಕು ಎಂಬುದನ್ನು ಹಳ್ಳಿಯ ಸಂಘದ ಹೆಂಗಸರೇ ತೀರ್ಮಾನಿಸಬೇಕು. ಕಡತದ ಜನಕ್ಕೆ ಇದು ಎಷ್ಟು ಕಷ್ಟವೆಂದು ಸರ್ಕಾರಿ ನೌಕರಿ ಮಾಡಿದವರಿಗೆ ಗೊತ್ತು.

1990ರ ದಶಕದ ಕೊನೆಯಲ್ಲಿ ಅವರು ಮೇಜಿನ ಇನ್ನೊಂದು ಬದಿಗೆ ಹೋದರು. ನ್ಯೂಯಾರ್ಕಿನ ಫೋರ್ಡ್ ಪ್ರತಿಷ್ಠಾನದಲ್ಲಿ ಅನುದಾನ ಹಂಚುವ ಅಧಿಕಾರಿಯಾದರು. ಹಣ ಬೇಡುವವರ ಪಾಡನ್ನು ಕಂಡವರು ಕೊಡುವ ಕುರ್ಚಿಯಲ್ಲಿ ಕುಳಿತದ್ದು ಅಪರೂಪ. ಮಹಿಳಾ ಹಕ್ಕುಗಳ ಅಂತರರಾಷ್ಟ್ರೀಯ ಸಂಸ್ಥೆ ‘ಅವಿಡ್’ಗಾಗಿ ಅವರು ಮುಂದೆ ಮಾಡಿದ ಕೆಲಸದಲ್ಲಿ ಈ ಎರಡೂ ಅನುಭವ ಕಾಣುತ್ತದೆ. 2010ರಲ್ಲಿ ಅಲೆಕ್ಸಾಂಡ್ರಾ ಪಿಟ್‌ಮನ್ ಜೊತೆ ಬರೆದ ವರದಿಯಲ್ಲಿ, ದಾನಿಗಳು ಬಳಸುವ ಅಳತೆಯ ಚೌಕಟ್ಟುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಇಷ್ಟು ಹಣ ಹಾಕಿದರೆ ಇಷ್ಟು ಫಲ ಎಂಬ ನೇರ ಗೆರೆ ಸೇತುವೆ ಕಟ್ಟಲು ಆದೀತು. ಮನೆಯೊಳಗಿನ ಅಧಿಕಾರ ಬದಲಿಸಲು ಹೊರಟರೆ ಎದುರೇಟು ಬಂದೇ ಬರುತ್ತದೆ. ಆಗ ಇರುವ ಹಕ್ಕು ಕೈತಪ್ಪದಂತೆ ಉಳಿಸಿಕೊಳ್ಳುವುದೂ ಗೆಲುವೇ ಎನ್ನುತ್ತಾರೆ. ನನಗಿದು ಕೂಡಲೇ ಅರ್ಥವಾಯಿತು. ಮೂತ್ರಪಿಂಡ ಕಾಯಿಲೆಯ ರೋಗಿಯ ಕ್ರಿಯಾಟಿನಿನ್ ಐದು ವರ್ಷ ಏರದೆ ನಿಂತರೆ ನಾವು ಸಂತೋಷಪಡುತ್ತೇವೆ. ಹೊರಗಿನವರಿಗೆ ಅಲ್ಲಿ ‘ಪ್ರಗತಿ’ ಕಾಣುವುದಿಲ್ಲ.

ಸಬಲೀಕರಣವೆಂಬ ಪದವನ್ನು ಬಳಕೆಗೆ ತಂದವರಲ್ಲಿ ಒಬ್ಬರಾದ ಅವರೇ, 2007ರಲ್ಲಿ ಆ ಪದದಿಂದ ಬಲವೇ ಸೋರಿಹೋಗಿ ಸಣ್ಣ ಸಾಲ, ಮೀಸಲಾತಿ ಎಂಬ ಸಿದ್ಧ ಔಷಧಗಳಷ್ಟೇ ಉಳಿದಿವೆ ಎಂದು ದೂರಿದರು.

ಹಣದ ಪ್ರಮಾಣವನ್ನೂ ನೋಡಬೇಕು. ಅವಿಡ್ 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 740 ಮಹಿಳಾ ಸಂಸ್ಥೆಗಳ 2010ರ ಆದಾಯದ ಮಧ್ಯಮಾಂಕ 20,000 ಡಾಲರ್. ನಮ್ಮಲ್ಲಿ ಒಂದು ಮದುವೆಯ ಆರತಕ್ಷತೆಗೆ ಇದಕ್ಕಿಂತ ಹೆಚ್ಚು ಖರ್ಚಾಗುವುದುಂಟು. ಇದಕ್ಕೆ ವಿರುದ್ಧವಾಗಿ ಡಚ್ ಸರ್ಕಾರ 2008ರಲ್ಲಿ ಆರಂಭಿಸಿದ ನಿಧಿ 45 ಯೋಜನೆಗಳಿಗೆ 8.2 ಕೋಟಿ ಯೂರೋ ಕೊಟ್ಟಿತು. ದೊಡ್ಡ ಮೊತ್ತವನ್ನು ಕೆಲವು ವರ್ಷ ನಂಬಿಕೆಯಿಂದ ಕೊಟ್ಟರೆ ಏನಾಗುತ್ತದೆಂದು ಅವರು ಸಹಲೇಖಕಿಯರೊಡನೆ 2013ರಲ್ಲಿ ದಾಖಲಿಸಿದರು.

ಕಳೆದ ವರ್ಷ ನಮ್ಮ ಅರ್ಜಿ ನಮೂನೆಯಿಂದ ಫೋಟೋ ಕೇಳುವ ಸಾಲನ್ನು ತೆಗೆಸಿದೆ. ಸಂಬಳ, ಬಾಡಿಗೆಗೂ ಕೊಡೋಣ, ಒಂದರ ಬದಲು ಮೂರು ವರ್ಷ ಕೊಡೋಣ ಎಂದೆ. ಸಮಿತಿಯಲ್ಲಿ ಇಬ್ಬರು ಒಪ್ಪಿದರು, ಮೂವರು ಒಪ್ಪಲಿಲ್ಲ. “ಡಾಕ್ಟ್ರೇ, ಸದಸ್ಯರಿಗೆ ಲೆಕ್ಕ ಹೇಳುವವನು ನಾನು” ಎಂದರು ಖಜಾಂಚಿಗಳು. ಅವರ ಮಾತೂ ಸುಳ್ಳಲ್ಲ. ಯುಗಾದಿ ಕಳೆದ ಮೇಲೆ ಮತ್ತೆ ಸಭೆ ಇದೆ.