ಲೀಡಿನ ತುದಿ ಎಲ್ಲಿ ಕೂರಬೇಕು?

‘ಹಾರ್ಟಲ್ಲಿ ಬ್ಲಾಕ್ ಇದೆಯಂತೆ’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಮಗೆ ನೆನಪಾಗುವುದು ಕೊಬ್ಬು ಕಟ್ಟಿದ ರಕ್ತನಾಳ, ಆಂಜಿಯೋಗ್ರಾಂ, ಸ್ಟೆಂಟು. ಹೃದಯದಲ್ಲಿ ಇನ್ನೊಂದು ಬಗೆಯ ಬ್ಲಾಕ್ ಉಂಟು. ಅಲ್ಲಿ ತಡೆದು ನಿಲ್ಲುವುದು ರಕ್ತವಲ್ಲ, ಕರೆಂಟು. ಬಲ ಮೇಲ್ಕೋಣೆಯ ಸೈನಸ್ ಗಂಟಿನಿಂದ ಹೊರಟ ಸಂಕೇತ ಎವಿ ಗಂಟಿನಲ್ಲಿ ಒಂದು ಚಣ ನಿಂತು, ಹಿಸ್ ಕಟ್ಟಿಗೆ ಇಳಿದು, ಅಲ್ಲಿಂದ ಎಡಕ್ಕೂ ಬಲಕ್ಕೂ ಕವಲೊಡೆದು, ಪರ್ಕಿಂಜೆ ಎಳೆಗಳ ಮೂಲಕ ಕೆಳಕೋಣೆಗಳ ಗೋಡೆಗೆಲ್ಲ ಹರಡಬೇಕು. ಈ ದಾರಿ ನಡುವೆ ಕಡಿದರೆ ಕೆಳಕೋಣೆಗಳು ನಿಮಿಷಕ್ಕೆ ಮೂವತ್ತು, ನಲವತ್ತು ಸಲ ಬಡಿಯುತ್ತಾ ಹೇಗೋ ಕಾಲ ತಳ್ಳುತ್ತವೆ. ಮನುಷ್ಯನಿಗೆ ತಲೆಸುತ್ತು, ಏದುಸಿರು, ಬವಳಿ. ಇದಕ್ಕೆ ಪೇಸ್‌ಮೇಕರ್ ಹಾಕುತ್ತಾರೆ. ಹಾಕಿಸಿಕೊಳ್ಳುವವರ ಮನೆಯವರು ಡಬ್ಬಿಯ ಬಗ್ಗೆ ಎಲ್ಲವನ್ನೂ ಕೇಳುತ್ತಾರೆ: ಯಾವ ಕಂಪನಿ, ಬ್ಯಾಟರಿ ಎಷ್ಟು ವರ್ಷ, ಎಂಆರ್‌ಐ ಮಾಡಿಸಬಹುದೇ. ಡಬ್ಬಿಯಿಂದ ಹೊರಟ ಲೀಡ್, ಅಂದರೆ ತಂತಿ, ಅದರ ತುದಿ ಹೃದಯದ ಯಾವ ಜಾಗದಲ್ಲಿ ಕೂತಿದೆ ಎಂದು ಕೇಳುವವರು ವಿರಳ. ಬಡಿತ ಸದಾ ಯಂತ್ರದ ಆಸರೆಯಲ್ಲೇ ನಡೆಯಬೇಕಾದವರಿಗೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ ಎಂಬುದು ನನ್ನ ವಾದ.

1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮಿನಲ್ಲಿ ಶಸ್ತ್ರವೈದ್ಯ ಓಕೆ ಸೆನ್ನಿಂಗ್, ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ರೂಪಿಸಿದ ಪೇಸ್‌ಮೇಕರನ್ನು ಆರ್ನೆ ಲಾರ್ಸನ್ ಅವರ ದೇಹದೊಳಗೆ ಇಟ್ಟರು. ಎದೆ ತೆರೆದು ಹೃದಯದ ಹೊರಮೈಗೆ ವಿದ್ಯುದ್ವಾರಗಳನ್ನು ಹೊಲಿಯಬೇಕಾಗಿತ್ತು. ಆ ಮೊದಲ ಯಂತ್ರ ಕೆಲವೇ ತಾಸುಗಳಲ್ಲಿ ಕೆಟ್ಟಿತು. ಆದರೂ ಲಾರ್ಸನ್ ಒಂದಾದ ಮೇಲೊಂದರಂತೆ 26 ಪೇಸ್‌ಮೇಕರ್‌ಗಳ ನೆರವಿನಿಂದ 2001ರವರೆಗೆ ಬದುಕಿದರು. ಅದೇ 1958ರಲ್ಲಿ ನ್ಯೂಯಾರ್ಕಿನ ಸೀಮೋರ್ ಫರ್ಮನ್ ರಕ್ತನಾಳದ ಮೂಲಕವೇ ತಂತಿಯನ್ನು ಬಲ ಕೆಳಕೋಣೆಗೆ ಇಳಿಸಿ ತೋರಿಸಿದ ಮೇಲೆ ಎದೆ ತೆರೆಯದೆ ಕೆಲಸ ಮುಗಿಸುವ ದಾರಿ ಸಿಕ್ಕಿತು. ತಂತಿಯನ್ನು ಊರಿದ್ದು ಆ ಕೋಣೆಯ ತಳತುದಿಯಲ್ಲಿ. ಅಲ್ಲಿ ಸ್ನಾಯುವಿನ ಎಳೆಗಳು ಬಲೆಯಂತೆ ಹೆಣೆದುಕೊಂಡಿರುವುದರಿಂದ ಲೀಡಿನ ಮುಳ್ಳುಗಳು ಸಿಕ್ಕಿಕೊಂಡು ಭದ್ರವಾಗಿ ಕೂರುತ್ತವೆ. ಗಮನಿಸಬೇಕಾದದ್ದು ಇದನ್ನು: ಆ ಜಾಗವನ್ನು ಆರಿಸಿದ್ದು ತಂತಿ ಜಾರದಿರಲಿ ಎಂದು, ಹೃದಯ ಚೆನ್ನಾಗಿ ಹಿಂಡಲಿ ಎಂದಲ್ಲ.

ಕೆರೆಯ ತೂಬು ಎತ್ತಿದರೆ ನೀರು ಕಾಲುವೆ ಹಿಡಿದು ಬಯಲಿನ ಕೊನೆಯ ಗದ್ದೆಗೂ ಬೇಗ ಮುಟ್ಟುತ್ತದೆ. ಕಾಲುವೆ ಬಿಟ್ಟು ಮೂಲೆಯ ಒಂದು ಗದ್ದೆಗೆ ನೀರು ಹಾಯಿಸಿದರೆ ಅದು ಬದುವಿನಿಂದ ಬದುವಿಗೆ ಒಸರುತ್ತಾ ಆಚೆ ತುದಿ ಸೇರುವಷ್ಟರಲ್ಲಿ ಈಚೆಯ ಗದ್ದೆ ತುಂಬಿ ತುಳುಕಿರುತ್ತದೆ. ಬಲಗೋಣೆಯ ತಳದಲ್ಲಿ ಕರೆಂಟು ಕೊಟ್ಟಾಗ ಹೃದಯದಲ್ಲಿ ಆಗುವುದೂ ಹೀಗೆಯೇ. ಪರ್ಕಿಂಜೆ ಎಳೆಗಳಲ್ಲಿ ಸಂಕೇತ ಸೆಕೆಂಡಿಗೆ ಎರಡರಿಂದ ನಾಲ್ಕು ಮೀಟರ್ ಓಡುತ್ತದೆ. ಬರೀ ಸ್ನಾಯುವಿನಲ್ಲಿ ಒಂದು ಮೀಟರ್ ಮುಟ್ಟುವುದೂ ಕಷ್ಟ. ಇಸಿಜಿಯಲ್ಲಿ ಸಹಜವಾಗಿ 120 ಮಿಲಿಸೆಕೆಂಡಿನೊಳಗೆ ಮುಗಿಯಬೇಕಾದ ಕ್ಯೂಆರ್‌ಎಸ್ ಅಲೆ ಆಗ 150 ದಾಟಿ ಹಿಗ್ಗುತ್ತದೆ. ನಡುಗೋಡೆ ಮೊದಲು ಬಿಗಿಯುತ್ತದೆ, ಎಡ ಹೊರಗೋಡೆ ತಡವಾಗಿ. ಒಂದು ಹಿಂಡುವಾಗ ಇನ್ನೊಂದು ಹಿಗ್ಗುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ, ವರ್ಷಗಟ್ಟಲೆ ಹೀಗಾದರೆ ಕೆಲವರ ಹೃದಯ ಸೋಲುತ್ತದೆ. ಸೈನಸ್ ಗಂಟಿನ ರೋಗಿಗಳ ‘ಮೋಸ್ಟ್’ ಅಧ್ಯಯನದ 2003ರ ವಿಶ್ಲೇಷಣೆಯಲ್ಲಿ, ಎರಡು ಲೀಡಿನ ಪೇಸ್‌ಮೇಕರ್ ಇದ್ದು ಕೆಳಕೋಣೆಯ ಬಡಿತಗಳಲ್ಲಿ ಶೇ 40ಕ್ಕಿಂತ ಹೆಚ್ಚು ಯಂತ್ರದಿಂದಲೇ ಬಂದಿದ್ದವರು ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವ ಸಾಧ್ಯತೆ ಎರಡೂವರೆ ಪಟ್ಟು ಮೀರಿತ್ತು.

ತಳ ಬೇಡವಾದರೆ ಸ್ವಲ್ಪ ಮೇಲೆ, ನಡುಗೋಡೆಗೆ ಊರಿದರಾಯಿತಲ್ಲ ಎಂದು ಎಷ್ಟೋ ವರ್ಷ ಪ್ರಯತ್ನಿಸಿದರು. 240 ರೋಗಿಗಳನ್ನು ಎರಡು ವರ್ಷ ಗಮನಿಸಿದ ‘ಪ್ರೊಟೆಕ್ಟ್-ಪೇಸ್’ ಪರೀಕ್ಷೆಯಲ್ಲಿ ಎರಡು ಜಾಗಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ಜಾಗ ಮುಖ್ಯವಲ್ಲ ಎನ್ನುವವರು ಇದನ್ನೇ ಎತ್ತಿ ತೋರಿಸುತ್ತಾರೆ. ನನಗೆ ಕಾಣುವುದು ಬೇರೆ: ಗದ್ದೆ ಬದಲಾಯಿತೇ ಹೊರತು ನೀರು ಕಾಲುವೆಗೆ ಸೇರಲಿಲ್ಲ. ಎರಡೂ ಕೆಳಕೋಣೆಗಳಿಗೆ ಒಂದೊಂದು ಲೀಡ್ ಕೊಡುವುದು ಇನ್ನೊಂದು ಉಪಾಯ; ಹಿಂಡುವ ಶಕ್ತಿ ಆಗಲೇ ಕುಗ್ಗಿದವರಿಗೆ ಅದು ಬಲಗೋಣೆಯ ಪೇಸಿಂಗ್‌ಗಿಂತ ಮೇಲು ಎಂದು 2013ರ ‘ಬ್ಲಾಕ್ ಎಚ್‌ಎಫ್’ ತೋರಿಸಿತು. ಆದರೆ ಸಾಧನ ದುಬಾರಿ, ಮತ್ತು ಅದೂ ಸ್ನಾಯುವಿನ ದಾರಿಯೇ. ನೇರ ಹಿಸ್ ಕಟ್ಟಿಗೇ ಲೀಡ್ ತಿರುಪಿದ ಅನುಭವವನ್ನು 2000ದಲ್ಲಿ ಅಮೆರಿಕದ ದೇಶಮುಖ್ ಮತ್ತು ಸಂಗಡಿಗರು ಪ್ರಕಟಿಸಿದರು. ತತ್ವ ಸರಿಯಾಗಿತ್ತು, ಗುರಿ ಮಾತ್ರ ಬಹಳ ಕಿರಿದು. ಸುತ್ತ ನಾರಿನ ಹೊದಿಕೆ ಇರುವುದರಿಂದ ಹೆಚ್ಚು ವೋಲ್ಟೇಜ್ ಬೇಕಾಗಿ ಬ್ಯಾಟರಿ ಬೇಗ ಖಾಲಿಯಾಗುತ್ತಿತ್ತು.

2017ರಲ್ಲಿ ಚೀನಾದ ವೆನ್‌ಝೌ ನಗರದ ವೈಜಿಯಾನ್ ಹುವಾಂಗ್ ತಂಡ ವರದಿ ಮಾಡಿದ ವಿಧಾನ ಈ ತೊಡಕನ್ನು ಬಿಡಿಸಿತು. ಹಿಸ್ ಕಟ್ಟಿಗಿಂತ ಸ್ವಲ್ಪ ಕೆಳಗೆ, ಬಲಬದಿಯಿಂದ ನಡುಗೋಡೆಯನ್ನು ಕೊರೆಯುತ್ತಾ ಹೋಗಿ, ಎಡ ಕವಲು ಬೀಸಣಿಗೆಯಂತೆ ಹರಡಿರುವಲ್ಲಿಗೆ ತುದಿಯನ್ನು ಮುಟ್ಟಿಸುವುದು. ವೈದ್ಯರು ಬೆರಳಲ್ಲಿ ಲೀಡನ್ನು ತಿರುಪುತ್ತಾರೆ, ಕಣ್ಣು ಇಸಿಜಿಯ ಮೇಲೆ. ವಿ1 ಗೆರೆಯಲ್ಲಿ ಮೊದಲು ಇಂಗ್ಲಿಷಿನ ‘ಡಬ್ಲ್ಯು’ ಅಕ್ಷರದಂಥ ಅಲೆ. ತುದಿ ಒಳಹೋದಂತೆ ಅದರ ನಡುವಿನ ಕಚ್ಚು ಮೇಲೇರುತ್ತಾ ಕೊನೆಗೆ ಪುಟ್ಟದೊಂದು ಮೊನೆಯಾಗಿ ನಿಲ್ಲುತ್ತದೆ. ಲೀಡಿನ ತುದಿಯ ಸುರುಳಿ ಎಡ ಕವಲಿನ ಸಮೀಪ ಬಂದಾಗ ಹೃದಯ ತಾನಾಗಿ ಒಂದೆರಡು ಬಿಡಿ ಬಡಿತ ಬಡಿಯುತ್ತದೆ. ಅವುಗಳ ಆಕಾರವೇ ‘ಇನ್ನು ಸಾಕು’ ಎಂಬ ಸೂಚನೆ. ಈ ಬಡಿತಗಳನ್ನು ಓದುವ ಬಗೆಯನ್ನು ವಿವರಿಸಿದವರಲ್ಲಿ ನಮ್ಮ ನೆರೆಯ ಮದುರೈನ ವೈದ್ಯರೂ ಇದ್ದಾರೆ. ಇನ್ನೂ ತಿರುಪಿದರೆ ತುದಿ ಗೋಡೆ ತೂರಿ ಎಡಗೋಣೆಯ ರಕ್ತಕ್ಕೆ ಇಳಿಯುತ್ತದೆ, ಲೀಡಿನ ವಿದ್ಯುತ್ ತಡೆ ತಟ್ಟನೆ ಕುಸಿಯುತ್ತದೆ. ಆಗ ಹಿಂದಕ್ಕೆಳೆದು ಬೇರೆ ಜಾಗ ಹುಡುಕಬೇಕು.

ಆಕ್ಷೇಪಗಳು ಹಗುರವಾದವಲ್ಲ. ತಳದಲ್ಲಿ ಲೀಡ್ ಇಟ್ಟುಕೊಂಡು ದಶಕಗಟ್ಟಲೆ ಚೆನ್ನಾಗಿರುವವರೇ ಹೆಚ್ಚು ಎನ್ನುತ್ತಾರೆ, ನಿಜ. ಆದರೆ ಸೋಲುವ ಹೃದಯ ಯಾರದೆಂದು ಮೊದಲೇ ಖಚಿತವಾಗಿ ಹೇಳಲು ಆಗದಿರುವಾಗ, ನುರಿತ ಕೈ ಇರುವಲ್ಲಿ ಸಹಜ ದಾರಿಯನ್ನೇ ಮೊದಲು ನೋಡುವುದು ಲೇಸಲ್ಲವೇ? ಗೋಡೆಯೊಳಗೆ ಆಳವಾಗಿ ಹೂತ, ಪ್ರತಿ ಬಡಿತಕ್ಕೂ ಬಾಗುವ ಲೀಡ್ ಇಪ್ಪತ್ತು ವರ್ಷದ ಮೇಲೆ ಹೇಗಿರುತ್ತದೆ, ಸೋಂಕಾದರೆ ಕೀಳುವುದು ಹೇಗೆ ಎಂಬ ಪ್ರಶ್ನೆಗೆ ವಿಧಾನಕ್ಕಿನ್ನೂ ಉತ್ತರಿಸುವಷ್ಟು ವಯಸ್ಸಾಗಿಲ್ಲ. ಈ ಅಳುಕನ್ನು ನಾನು ತಳ್ಳಿಹಾಕಲಾರೆ. ಚಿಕ್ಕ ವಯಸ್ಸಿನವರ ವಿಷಯದಲ್ಲಿ ಅದಕ್ಕೆ ಹೆಚ್ಚಿನ ತೂಕ ಕೊಡಬೇಕು. ತಂತಿಯೇ ಇಲ್ಲದ ಕ್ಯಾಪ್ಸೂಲ್ ಪೇಸ್‌ಮೇಕರ್ ಸೋಂಕಿನ ಭಯ ತಗ್ಗಿಸುತ್ತದೆ, ಆದರೆ ಅದು ಕೂರುವುದು ಬಲಗೋಣೆಯ ಸ್ನಾಯುವಿನಲ್ಲೇ. 2023ರಲ್ಲಿ ಅಮೆರಿಕ, ಏಷ್ಯಾ-ಪೆಸಿಫಿಕ್ ಮತ್ತು ಲ್ಯಾಟಿನ್ ಅಮೆರಿಕದ ಹೃದಯಲಯ ತಜ್ಞರ ಸಂಘಗಳು ಒಟ್ಟಾಗಿ ಹೊರಡಿಸಿದ ಮಾರ್ಗಸೂಚಿ ಹಿಡಿದ ಗೆರೆ ನನಗೆ ಸರಿಯೆನಿಸುತ್ತದೆ: ಎಡಗೋಣೆ ಹಿಂಡುವ ಪ್ರಮಾಣ ಶೇ 36ರಿಂದ 50ರೊಳಗಿದ್ದು ಪೇಸಿಂಗ್ ಗಣನೀಯವಾಗಿ ಬೇಕಾಗುವವರಿಗೆ ಸಹಜ ದಾರಿಯ ಪೇಸಿಂಗ್ ಅಥವಾ ಎರಡೂ ಕೋಣೆಗಳ ಪೇಸಿಂಗ್ ಸಮಂಜಸ. ಎಡ ಕವಲಿಗೆ ಊರುವ ಕೆಲಸ ಸಾಮಾನ್ಯ ಡಬ್ಬಿಯಿಂದಲೇ ಆಗುತ್ತದೆ ಎಂಬುದು ಜೇಬು ನೋಡಿ ಚಿಕಿತ್ಸೆ ಆರಿಸಬೇಕಾದ ನಮ್ಮಂಥ ದೇಶದಲ್ಲಿ ಸಣ್ಣ ಮಾತಲ್ಲ.

ಸೈನಸ್ ಗಂಟು ಮಾತ್ರ ನಿಧಾನವಾಗಿದ್ದು ಕೆಳಗಿನ ದಾರಿ ಗಟ್ಟಿಯಾಗಿರುವವರಿಗೆ ಇಷ್ಟೆಲ್ಲ ತಲೆನೋವು ಬೇಡ. ಮೇಲ್ಕೋಣೆಯಲ್ಲಿ ಕರೆಂಟು ಕೊಟ್ಟು, ಕೆಳಕೋಣೆಯ ತಂಟೆಗೆ ಆದಷ್ಟು ಹೋಗದಂತೆ ಯಂತ್ರವನ್ನು ಹೊಂದಿಸಿದರೆ ಸಾಕು. ಹಳೆಯ ಲೀಡ್ ಇರುವವರೂ ಗಾಬರಿಯಾಗಬೇಕಿಲ್ಲ. ತಪಾಸಣೆಗೆ ಹೋದಾಗ ಕೆಳಕೋಣೆಯ ಬಡಿತಗಳಲ್ಲಿ ಶೇಕಡ ಎಷ್ಟು ಯಂತ್ರದ್ದು ಎಂಬ ಲೆಕ್ಕ ಪರದೆಯ ಮೇಲೇ ಬರುತ್ತದೆ. ಅದು ಹೆಚ್ಚಿದ್ದರೆ ಆಗಾಗ ಎಕೋ ಮಾಡಿಸಿ ಹಿಂಡುವ ಶಕ್ತಿಯನ್ನು ಹಿಂದಿನದರ ಜೊತೆ ಹೋಲಿಸಿ ನೋಡಬೇಕು. ಇಳಿಯುತ್ತಿದೆ ಎಂದು ಕಂಡರೆ ಕಾಯದೆ ವೈದ್ಯರನ್ನು ಕೇಳಬೇಕು. ಇಳಿಯದಿದ್ದರೂ, ಬ್ಯಾಟರಿ ಮುಗಿದು ಡಬ್ಬಿ ಬದಲಿಸುವ ದಿನ ಚರ್ಮದಡಿಯ ಆ ಜೇಬನ್ನು ಹೇಗೂ ತೆರೆಯುತ್ತಾರೆ; ಎಡ ಕವಲಿಗೆ ಹೊಸ ಲೀಡ್ ಬೇಕೇ ಎಂಬ ಮಾತನ್ನು ಆ ದಿನಕ್ಕೆ ಕೆಲವು ವಾರ ಮೊದಲೇ ಎತ್ತಬೇಕು.