ಗೋಡೆಯ ಬೂಷ್ಟು, ಮನಸ್ಸಿನ ಮಂಕು



ರೇಷ್ಮೆ ಹುಳು ಸಾಕುವ ಮನೆಯಲ್ಲಿ ತೇವ ಹೆಚ್ಚಿ ಗಾಳಿ ಕಡಿಮೆಯಾದರೆ ಸುಣ್ಣಕಟ್ಟು ರೋಗ ಬರುತ್ತದೆಂದು ಚಿಕ್ಕರಸಿನಕೆರೆ ಕಡೆಯ ರೇಷ್ಮೆ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಹುಳುವಿನ ಹಾಸಿಗೆಗೆ ಸುಣ್ಣದ ಪುಡಿ ಉದುರಿಸುತ್ತೀರಿ, ಕಿಟಕಿ ತೆರೆದಿಡುತ್ತೀರಿ. ಆ ರೋಗ ಬರುವುದು ಶಿಲೀಂಧ್ರದಿಂದ. ಗೋಡೆಯ ಬೂಷ್ಟೂ ಶಿಲೀಂಧ್ರವೇ. ಹುಳುವಿಗೆ ತೋರುವ ಈ ಕಾಳಜಿಯನ್ನು ನಾವು ಮಲಗುವ ಕೋಣೆಗೂ ತೋರಬೇಡವೇ?

ನಾಲೆ ಬಯಲಿನ ಊರುಗಳಲ್ಲಿ ಎಷ್ಟೋ ಕಡೆ ಗದ್ದೆ ಹಿತ್ತಲವರೆಗೂ ಬಂದಿರುತ್ತದೆ. ನೆಲದ ತೇವ ತಳಪಾಯದಿಂದ ಗೋಡೆಗೆ ಏರುತ್ತದೆ. ಬಚ್ಚಲ ನೀರು ಗೋಡೆಯ ಬುಡದಲ್ಲೇ ನಿಲ್ಲುತ್ತದೆ. ಅದೇ ಗೋಡೆಗೆ ಭತ್ತ, ರಾಗಿ ಮೂಟೆಗಳನ್ನು ಒತ್ತಿ ಜೋಡಿಸಿದರೆ ಹಿಂದೆ ಬೂಷ್ಟು ಕಟ್ಟುತ್ತದೆ. ಮುಗ್ಗಲು ವಾಸನೆ ಬಂದರೆ, ಕಣ್ಣಿಗೆ ಕಾಣದಿದ್ದರೂ ಬೂಷ್ಟು ಇದೆಯೆಂದೇ ತಿಳಿದು ಹುಡುಕಬೇಕು.

ಇದರಿಂದ ಕೆಮ್ಮು, ನೆಗಡಿ, ಉಬ್ಬಸ ಹೆಚ್ಚುವುದು ಹಳೆಯ ಮಾತು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯ ತೇವ, ಬೂಷ್ಟುಗಳ ಬಗ್ಗೆ ಮಾರ್ಗಸೂಚಿಯನ್ನೇ ಹೊರಡಿಸಿತು. ಮನಸ್ಸಿಗೂ ಇದಕ್ಕೂ ನಂಟುಂಟೇ? ಯೂರೋಪಿನ 8 ನಗರಗಳ ಸಾವಿರಾರು ಜನರ ಮಾಹಿತಿ ಪರಿಶೀಲಿಸಿದ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಉಂಟೆಂದರು. ತೇವ, ಬೂಷ್ಟು ಇರುವ ಮನೆಯವರಲ್ಲಿ ಖಿನ್ನತೆ ಹೆಚ್ಚಾಗಿತ್ತು. ಬೂಷ್ಟಿನಿಂದಾಗುವ ಕಾಯಿಲೆ ಒಂದು ಕಾರಣವಾದರೆ, ‘ಈ ಮನೆ ನನ್ನ ಕೈಮೀರಿತು’ ಎಂಬ ಭಾವನೆ ಇನ್ನೊಂದು.

ಬೂಷ್ಟೊಂದೇ ಖಿನ್ನತೆ ತರುತ್ತದೆಂದು ಇದರಿಂದ ಸಿದ್ಧವಾಗುವುದಿಲ್ಲ. ಸಾಲ, ಬೆಳೆ ನಷ್ಟ, ಮನೆಯ ಕಷ್ಟಗಳೂ ಮನಸ್ಸನ್ನು ಕುಗ್ಗಿಸುತ್ತವೆ. ಆದರೆ ರಾತ್ರಿಯಿಡೀ ಕೆಮ್ಮಿ ನಿದ್ದೆಗೆಟ್ಟವರ ಮನಸ್ಸು ಹಗಲಲ್ಲಿ ಹಗುರವಾಗಿರುವುದು ಹೇಗೆ?

ಹಗಲೆಲ್ಲ ಒಳಗೇ ಇರುವ ವೃದ್ಧರು, ಬಾಣಂತಿಯರ ಬಗ್ಗೆ ಹೆಚ್ಚು ಗಮನವಿರಲಿ. ಥಂಡಿಯಾದೀತೆಂದು ಬಾಣಂತಿಯನ್ನು ಬೆಳಕಿಲ್ಲದ, ತೇವದ ಕೋಣೆಯಲ್ಲಿ ಇಡಕೂಡದು. ಆಕೆ ಮಂಕಾಗಿ ಕುಳಿತರೆ ‘ಗಾಳಿ ಸೋಕಿದೆ’ ಎನ್ನದೆ, ಕೋಣೆಗೆ ಗಾಳಿ ಬಿಡಿ, ವೈದ್ಯರಿಗೂ ತೋರಿಸಿ.

ಮಾಡಬೇಕಾದ್ದು ಇಷ್ಟು:

1. ಬಚ್ಚಲ ನೀರನ್ನು ಗೋಡೆಯಿಂದ ದೂರ, ಬಾಳೆ ಇಲ್ಲವೆ ತೆಂಗಿನ ಬುಡಕ್ಕೆ ಹರಿಸಿ. ಒಡೆದ ಹೆಂಚನ್ನು ಮಳೆಗೆ ಮೊದಲೇ ಬದಲಿಸಿ.

2. ಭತ್ತವನ್ನು ಚೆನ್ನಾಗಿ ಒಣಗಿಸಿ. ತೇವಾಂಶ ಶೇಕಡ 13 ಮೀರದಿರಲಿ. ಮೂಟೆಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ಬಿಟ್ಟು ಇಡಿ. ಮಲಗುವ ಕೋಣೆಯಲ್ಲಿ ಇಡದಿದ್ದರೆ ಇನ್ನೂ ಮೇಲು.

3. ಬೂಷ್ಟನ್ನು ಒಣಗಿದ್ದಾಗ ಗುಡಿಸಬೇಡಿ, ಅದು ಗಾಳಿಗೆ ಏಳುತ್ತದೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಸೋಪಿನ ನೀರಿನಿಂದ ಉಜ್ಜಿ, ಗೋಡೆ ಪೂರ್ತಿ ಒಣಗಿದ ಮೇಲೆ ಸುಣ್ಣ ಬಳಿಯಿರಿ. ತೇವದ ಮೂಲ ನಿಲ್ಲಿಸದೆ ಸುಣ್ಣ ಬಳಿದರೆ ಬೂಷ್ಟು ಮತ್ತೆ ಬರುತ್ತದೆ.

4. ಬಿಸಿಲು ಬಂದ ದಿನ ಕಿಟಕಿ ತೆರೆಯಿರಿ, ಹಾಸಿಗೆ ಕಂಬಳಿ ಒಣಗಿಸಿ. ಹೆಂಚಿನ ಮನೆಯಾದರೆ ಒಂದು ಗಾಜಿನ ಹೆಂಚು ಹೊದಿಸಿ.

ಯಾರಿಗಾದರೂ ಎರಡು ವಾರ ಮೀರಿ ನಿದ್ದೆ, ಊಟ, ಕೆಲಸ ಯಾವುದೂ ಬೇಡವಾಗಿದ್ದರೆ ಮನೆ ಒಣಗಲೆಂದು ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಸಾಯುವ ಮಾತು ಬಂದರೆ ಒಂದು ಗಳಿಗೆಯೂ ತಡಮಾಡಕೂಡದು, ಅವರನ್ನು ಒಂಟಿಯಾಗಿ ಬಿಡಲೂ ಕೂಡದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಫೋನ್ ಮಾಡಿದರೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ಸಲಹೆ ಸಿಗುತ್ತದೆ.